ಶಾಲೆ ಕರೆದಾಗ ಉಸ್ತಾದರು ಏನು ಮಾತಾಡಬೇಕು?

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನಮ್ಮೂರ ಹತ್ತಿರದ ಒಂದು ಅನುದಾನಿತ ಶಾಲೆಯ ಮುಖ್ಯ ಶಿಕ್ಷಕಿ ಫೋನ್ ಮಾಡಿ, "ಉಸ್ತಾದರೇ, ರಂಝಾನ್ ಬರ್ತಾ ಉಂಟು. ಏಳನೇ ತರಗತಿಯ ಮಕ್ಕಳಿಗೆ ಉಪವಾಸದ ಬಗ್ಗೆ ಅರ್ಧ ಗಂಟೆ ಹೇಳಬಹುದಾ?" ಎಂದು ಕೇಳಿದರು. ಇಪ್ಪತ್ತು ವರ್ಷ ಮದ್ರಸದಲ್ಲಿ ಪಾಠ ಮಾಡಿದವನಿಗೆ ಅರ್ಧ ಗಂಟೆ ಯಾವ ಲೆಕ್ಕ ಅಂತ ತಯಾರಿ ಇಲ್ಲದೆಯೇ ಹೋದೆ.

ತರಗತಿಗೆ ಕಾಲಿಟ್ಟವನೇ ಅಭ್ಯಾಸ ಬಲದಿಂದ ಜೋರಾಗಿ ಸಲಾಂ ಹೇಳಿದೆ. ನಮ್ಮ ಮಕ್ಕಳು ಏಳೆಂಟು ಮಂದಿ ಉತ್ತರ ಕೊಟ್ಟರು. ಉಳಿದವರು ಮುಖ ಮುಖ ನೋಡಿಕೊಂಡರು. "ಎಲ್ಲರೂ ಹೇಳಿ" ಎಂದೆ. ಆಮೇಲೆ ಮಾತೆಲ್ಲ "ನಾವು ನೋಂಬು ಹಿಡಿಯಬೇಕು, ನಾವು ಝಕಾತ್ ಕೊಡಬೇಕು" ಎಂದೇ ಸಾಗಿತು. ಆ 'ನಾವು' ಯಾರು? ಆ ತರಗತಿಯ ಮುಕ್ಕಾಲು ಪಾಲು ಮಕ್ಕಳು ಅದರಲ್ಲಿ ಇರಲೇ ಇಲ್ಲ.

ಮರುದಿನ ಟೀಚರ್ ಮತ್ತೆ ಫೋನ್ ಮಾಡಿದರು. "ಇಬ್ಬರು ಪೋಷಕರು ಬಂದು, ನಮ್ಮ ಮಕ್ಕಳ ಬಾಯಲ್ಲಿ ಯಾಕೆ ಹೇಳಿಸಿದ್ದು ಅಂತ ಕೇಳಿದ್ರು" ಎಂದರು. ಅವರ ಸ್ವರದಲ್ಲಿ ಕೋಪ ಇರಲಿಲ್ಲ, ಹೆದರಿಕೆ ಇತ್ತು. ನಮ್ಮ ಕರಾವಳಿಯಲ್ಲಿ ಇಂಥ ಸಣ್ಣ ಸಂಗತಿಯೊಂದು ಮೊಬೈಲಿನಿಂದ ಮೊಬೈಲಿಗೆ ಹೋಗಿ ಸಂಜೆಯೊಳಗೆ ಏನಾಗಿಬಿಡುತ್ತದೆ ಅಂತ ಎಲ್ಲರಿಗೂ ಗೊತ್ತುಂಟು. ಆ ಇಬ್ಬರು ಪೋಷಕರು ನೇರವಾಗಿ ಶಾಲೆಗೆ ಬಂದು ಕೇಳಿದ್ದು ಅವರ ದೊಡ್ಡತನ.

ನನಗೆ ಮೊದಲು ಸಿಟ್ಟೇ ಬಂತು. 'ಸಲಾಂ ಅಂದರೆ ಶಾಂತಿ ಇರಲಿ ಅಂತ ಅಲ್ಲವಾ, ಅದರಲ್ಲಿ ಎಂತ ತಪ್ಪು?' ಎಂದು ಮನೆಯಲ್ಲಿ ಹೇಳಿದೆ. ಮನೆಯವಳು ಅಕ್ಕಿ ಆರಿಸುತ್ತಾ ಕೇಳಿದಳು: "ನಮ್ಮ ಮಗಳ ಕ್ಲಾಸಿಗೆ ಬೇರೆ ಯಾರಾದರೂ ಬಂದು ಅವರ ಪ್ರಾರ್ಥನೆ ಹೇಳಿಸಿದ್ದರೆ ನೀವು ಸುಮ್ಮನೆ ಇರ್ತಿದ್ದಿರಾ?" ನನ್ನಲ್ಲಿ ಉತ್ತರ ಇರಲಿಲ್ಲ.

ಅಂದಿನಿಂದ ಈ ವಿಷಯವನ್ನು ಸ್ವಲ್ಪ ಓದಿದೆ. ನಮ್ಮ ಸಂವಿಧಾನದ 28ನೇ ವಿಧಿ ಇದನ್ನೇ ಹೇಳುವುದು. ಪೂರ್ತಿ ಸರಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪ್ರಾರ್ಥನೆಗೋ ಕೂರಿಸುವ ಹಾಗಿಲ್ಲ. ಹಾಗಾದರೆ ಧರ್ಮದ ಮಾತೇ ಶಾಲೆಯಲ್ಲಿ ಬೇಡವಾ? ಹಾಗಲ್ಲ. ಒಂದು ಧರ್ಮವನ್ನು ಕಲಿಸಿ ನಡೆಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂದು 1964-66ರ ಕೊಠಾರಿ ಆಯೋಗ ಬಿಡಿಸಿ ಹೇಳಿತ್ತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ, ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದಕ್ಕೆ 28ನೇ ವಿಧಿ ಅಡ್ಡಿಯಲ್ಲ ಎಂದಿತು. ನಾನು ಆ ದಿನ ಗೊತ್ತಿಲ್ಲದೆ ದಾಟಿದ್ದು ಇದೇ ಗೆರೆಯನ್ನು.

ಇಂಗ್ಲೆಂಡಿನಲ್ಲಿ ಶಾಲೆಯಲ್ಲೇ ಧರ್ಮದ ಪಾಠ ಉಂಟು. 1944ರ ಶಿಕ್ಷಣ ಕಾಯ್ದೆ ಅದನ್ನು ಕಡ್ಡಾಯ ಮಾಡಿತು. ಜೊತೆಗೇ, ಬೇಡ ಅನ್ನುವ ತಂದೆ ತಾಯಿಗೆ ಮಗುವನ್ನು ಆ ಪಾಠದಿಂದ ಹೊರಗಿಡುವ ಹಕ್ಕನ್ನೂ ಕೊಟ್ಟಿತು. 1988ರ ಕಾಯ್ದೆಯಂತೆ ಪ್ರತಿಯೊಂದು ಸ್ಥಳೀಯಾಡಳಿತಕ್ಕೂ ಇದಕ್ಕಾಗಿ ಸಲಹಾ ಮಂಡಳಿ ಇರಬೇಕು. ಅದರಲ್ಲಿ ಚರ್ಚಿನವರು, ಇತರ ಧರ್ಮದವರು, ಅಧ್ಯಾಪಕರು, ಸ್ಥಳೀಯಾಡಳಿತದವರು ಒಟ್ಟಿಗೆ ಕೂರುತ್ತಾರೆ. ಬರ್ಮಿಂಗ್‌ಹ್ಯಾಮ್ ನಗರ 1975ರಲ್ಲೇ ಹಲವು ಧರ್ಮಗಳನ್ನು ಸೇರಿಸಿ ಪಠ್ಯಕ್ರಮ ಮಾಡಿತ್ತು. ಅಲ್ಲಿ ಇಮಾಮರು, ಗುರುದ್ವಾರದವರು, ಮಂದಿರದವರು ತರಗತಿಗೆ ಅತಿಥಿಗಳಾಗಿ ಹೋಗುತ್ತಾರೆ. ಆದರೆ ಪಾಠ ಅಧ್ಯಾಪಕರದ್ದೇ. ಅತಿಥಿ ತನ್ನ ಬದುಕನ್ನು ಹೇಳಿ ಬರುತ್ತಾನೆ, ಮಕ್ಕಳನ್ನು ತನ್ನ ಕಡೆಗೆ ಎಳೆಯುವುದಿಲ್ಲ. ಅವರ ಕಾನೂನು ಬೇರೆ, ನಮ್ಮದು ಬೇರೆ. ಆದರೆ ಈ ಒಂದು ಮರ್ಯಾದೆ ಎಲ್ಲಿಗೂ ಹೊಂದುತ್ತದೆ.

ನಿಜ ಹೇಳಬೇಕೆಂದರೆ ಇದನ್ನು ಕಲಿಯಲು ನಾನು ಇಂಗ್ಲೆಂಡಿನ ತನಕ ಹೋಗಬೇಕಿರಲಿಲ್ಲ. ಮದ್ರಸದಲ್ಲಿ ನಾನೇ ಪ್ರತಿ ವರ್ಷ ಹೇಳುವ ಚರಿತ್ರೆ ಉಂಟಲ್ಲ, ಜಅಫರ್ ಬಿನ್ ಅಬೀತಾಲಿಬ್ (ರ) ಹಬಶದ ರಾಜ ನಜ್ಜಾಶಿಯ ಆಸ್ಥಾನದಲ್ಲಿ ನಿಂತದ್ದು. ಮಕ್ಕಾದಿಂದ ಓಡಿಬಂದ ನಿರಾಶ್ರಿತರು ಅವರು. ಇವರನ್ನು ಹಿಡಿದುಕೊಡಿ ಎಂದು ಖುರೈಷಿಗಳು ಉಡುಗೊರೆ ಸಮೇತ ದೂತರನ್ನು ಕಳಿಸಿದ್ದರು. ರಾಜ ಕ್ರೈಸ್ತ, ಆಸ್ಥಾನ ತುಂಬಾ ಪಾದ್ರಿಗಳು. ನಿಮ್ಮ ಧರ್ಮ ಯಾವುದು ಎಂದು ರಾಜ ಕೇಳಿದ. ಜಅಫರ್ (ರ) ಮೊದಲು ಹೇಳಿದ್ದು ತಮ್ಮದೇ ಹಿಂದಿನ ಕೆಡುಕನ್ನು. ಆಮೇಲೆ ಪ್ರವಾದಿಯವರು (ಸ) ಕಲಿಸಿದ್ದನ್ನು: ಸತ್ಯ, ಅಮಾನತ್ತು, ಕುಟುಂಬ ಸಂಬಂಧ, ನೆರೆಯವರ ಹಕ್ಕು. ಓದಿ ತೋರಿಸು ಎಂದಾಗ ಅವರು ಆರಿಸಿದ್ದು ಸೂರಃ ಮರ್ಯಮ್. ಎದುರಿಗಿದ್ದವರಿಗೆ ಪರಿಚಯದ ಬಾಗಿಲು ಅದು. ಮರುದಿನ ಈಸಾ (ಅ) ಅವರ ಬಗ್ಗೆ ಕಷ್ಟದ ಪ್ರಶ್ನೆ ಬಂದಾಗ ಜಾರಿಕೊಳ್ಳಲಿಲ್ಲ. ನಮ್ಮ ಪ್ರವಾದಿ ನಮಗೆ ಕಲಿಸಿದ್ದು ಇದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಯಾರನ್ನೂ ಹೀಯಾಳಿಸಲಿಲ್ಲ, ರಾಜನನ್ನು ಮೆಚ್ಚಿಸಲು ನಂಬಿಕೆಯನ್ನು ತಿರುಚಲೂ ಇಲ್ಲ. ಕೇಳಿದ್ದಕ್ಕೆ ಉತ್ತರ, ತಮ್ಮ ಕಥೆ, ಅದಬು. ಶಾಲೆಗೆ ಹೋಗುವ ಉಸ್ತಾದರಿಗೆ ಇದಕ್ಕಿಂತ ದೊಡ್ಡ ತರಬೇತಿ ಬೇಕಾ?

ಕಳೆದ ವರ್ಷ ಅದೇ ಟೀಚರ್ ಧೈರ್ಯ ಮಾಡಿ ಮತ್ತೆ ಕರೆದರು. ಈ ಸಲ ಮೂರು ಶನಿವಾರ, ಮೂವರು ಅತಿಥಿಗಳು, ವಿಷಯ ಒಂದೇ: ಉಪವಾಸ. ಭಟ್ಟರು ಏಕಾದಶಿಯ ಬಗ್ಗೆ, ಫಾದರ್ ಈಸ್ಟರಿಗೆ ಮುಂಚಿನ 40 ದಿನಗಳ ತಪಸ್ಸಿನ ಕಾಲದ ಬಗ್ಗೆ, ನಾನು ನೋಂಬಿನ ಬಗ್ಗೆ. ಪೋಷಕರಿಗೆ ಮೊದಲೇ ಚೀಟಿ ಹೋಗಿತ್ತು. ಟೀಚರ್ ತರಗತಿಯಲ್ಲೇ ಕೂತಿದ್ದರು. ನಾನು "ನಮಸ್ಕಾರ ಮಕ್ಕಳೇ" ಎಂದು ಶುರು ಮಾಡಿದೆ. "ಮುಸ್ಲಿಮರು ಹೀಗೆ ನಂಬುತ್ತಾರೆ", "ನನ್ನ ಮನೆಯಲ್ಲಿ ಹೀಗೆ ಮಾಡುತ್ತೇವೆ" ಎಂದು ಹೇಳುತ್ತಾ ಹೋದೆ. ಸಹರಿಗೆ ಎಬ್ಬಿಸುವಾಗ ನನ್ನ ಮಗ ಹೊದಿಕೆ ಎಳೆದುಕೊಳ್ಳುವುದು, ಸಂಜೆ ಪಳ್ಳಿಯಲ್ಲಿ ಗಂಜಿ ಹಂಚುವುದು ಎಲ್ಲ ಬಂತು. ಹತ್ತೇ ನಿಮಿಷ. ಉಳಿದದ್ದು ಪ್ರಶ್ನೆಗೆ.

ಪ್ರಶ್ನೆ ಎಂಥೆಂಥದ್ದು ಗೊತ್ತುಂಟಾ? "ಉಗುಳು ನುಂಗಿದರೆ ನೋಂಬು ಹೋಗ್ತದಾ?" "ದೇವರಿಗೆ ಕನ್ನಡದಲ್ಲಿ ಹೇಳಿದರೆ ಅರ್ಥ ಆಗ್ತದಾ?" ಕೊನೆಗೆ ಒಬ್ಬ ಹುಡುಗ ಎದ್ದು, "ಬಾಂಗಿನಲ್ಲಿ ಅಕ್ಬರ್ ರಾಜನ ಹೆಸರು ಯಾಕೆ ಕರೆಯುವುದು?" ಎಂದ. ನಮ್ಮ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ದಿನಕ್ಕೆ ಐದು ಸಲ ಕಿವಿಗೆ ಬೀಳುವ ಮಾತಿನ ಅರ್ಥ ಆ ಮಗುವಿಗೆ ಹನ್ನೆರಡು ವರ್ಷ ಯಾರೂ ಹೇಳಿಲ್ಲ. 'ಅಕ್ಬರ್' ಎಂದರೆ ಅತ್ಯಂತ ದೊಡ್ಡವನು, ದೇವರು ಎಲ್ಲಕ್ಕಿಂತ ದೊಡ್ಡವನು ಎಂದು ಹೇಳುವುದು ಅದು ಎಂದೆ. "ಓ, ಹಾಗಾ" ಎಂದು ಕೂತ. ತಪ್ಪು ಆ ಮಗುವಿನದ್ದಲ್ಲ, ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಹೇಳದ ನಮ್ಮದು.

ನಮ್ಮ ಮಕ್ಕಳಿಗೂ ಲಾಭವಾಗಿದೆ. ಫಾದರ್ ಬಂದು ಹೋದ ಮಾರನೇ ಬೆಳಿಗ್ಗೆ ಮದ್ರಸದಲ್ಲಿ ಒಬ್ಬಳು, "ಉಸ್ತಾದರೇ, ಅವರ ಮನೆಯಲ್ಲೂ ಉಪವಾಸ ಉಂಟಂತೆ, ಆದ್ರೆ ನಮ್ಮ ಹಾಗೆ ಅಲ್ಲವಂತೆ. ಯಾಕೆ?" ಎಂದು ಕೇಳಿದಳು. ಅವಳ ಈಮಾನ್ ಕದಲಲಿಲ್ಲ. ನೋಂಬಿನ ಪಾಠವನ್ನು ಅವಳು ಅಷ್ಟು ಆಸಕ್ತಿಯಿಂದ ಕೇಳಿದ್ದು ಅದೇ ಮೊದಲು.

ಜಮಾಅತಿನಲ್ಲಿ ಕೆಲವರಿಗೆ ಸಂಶಯ ಇತ್ತು. "ಅಲ್ಲಿ ದೀಪ ಹಚ್ಚಿ ಅಂದರೆ ಏನು ಮಾಡ್ತೀರಿ?" ಎಂದರು. ನ್ಯಾಯವಾದ ಪ್ರಶ್ನೆಯೇ. ನಮಗೆ ಆಗದ್ದನ್ನು ಮೊದಲೇ ಟೀಚರಲ್ಲಿ ವಿನಯದಿಂದ ಹೇಳಿಬಿಡಬೇಕು. ವೇದಿಕೆಯಲ್ಲಿ ಮುಖ ತಿರುಗಿಸಬಾರದು. ಇತರರು ಆರಾಧಿಸುವವರನ್ನು ನಿಂದಿಸಬಾರದೆಂದು ಸೂರಃ ಅಲ್ ಅನ್‌ಆಮ್‌ನಲ್ಲಿ ನಮಗೆ ಆಜ್ಞೆಯೇ ಉಂಟು. ನಾವು ನಮ್ಮ ದೀನಿನಲ್ಲಿ ಗಟ್ಟಿಯಾಗಿದ್ದು ಇನ್ನೊಬ್ಬರ ಮಗುವನ್ನು ಗೌರವಿಸಬಹುದು.

ಪ್ರತಿ ಜಮಾಅತಿನಲ್ಲಿ ಇಂಥ ಕೆಲಸಕ್ಕೆ ಇಬ್ಬರು ಮೂವರು ತಯಾರಿರಲಿ ಎಂಬುದು ನನ್ನ ಆಸೆ. ಕನ್ನಡ ಚೆನ್ನಾಗಿ ಬರುವವರು, ಮಕ್ಕಳ ಪ್ರಶ್ನೆಗೆ ಸಿಟ್ಟಾಗದವರು ಸಾಕು. ಉಸ್ತಾದರೇ ಆಗಬೇಕೆಂದಿಲ್ಲ. ರಂಝಾನಿನಲ್ಲಿ ಮೂರೂವರೆಗೆ ಎದ್ದು ಅಡುಗೆ ಮಾಡುವ ಉಮ್ಮಂದಿರಿಗೆ ನನಗಿಂತ ಹೆಚ್ಚು ಹೇಳಲಿಕ್ಕೆ ಉಂಟು. ಶಾಲೆ ಕರೆದರೆ ಹೋಗಿ. ಯಾವ ವಿಷಯ, ಎಷ್ಟು ಹೊತ್ತು, ಪೋಷಕರಿಗೆ ತಿಳಿಸಿದ್ದೀರಾ ಎಂದು ಮೊದಲೇ ಕೇಳಿ. ಮಕ್ಕಳ ಬಾಯಲ್ಲಿ ಏನನ್ನೂ ಹೇಳಿಸಬೇಡಿ. ಕರೆಯದಿದ್ದರೆ ಒತ್ತಾಯ ಬೇಡ. ನಿಮ್ಮ ಮಗುವಿನ ತರಗತಿಗೆ ಭಟ್ಟರೋ ಫಾದರೋ ಬರುವ ದಿನ ಚೀಟಿ ಬಂದರೆ ಓದಿ ನೋಡಿ, ಸಂಶಯವಿದ್ದರೆ ಟೀಚರಲ್ಲೇ ಕೇಳಿ, ಮಗುವನ್ನು ಕಳಿಸಿ.

ಈ ರಂಝಾನಿಗೆ ಮೊದಲು ನನಗೆ ಮತ್ತೆ ಕರೆ ಬಂದಿದೆ. ಅಂದು ದೂರು ಕೊಟ್ಟಿದ್ದ ಪೋಷಕರೊಬ್ಬರ ಚಿಕ್ಕ ಮಗಳು ಈಗ ಏಳನೇ ತರಗತಿಯಲ್ಲಿದ್ದಾಳಂತೆ. ಅವಳ ಚೀಟಿಗೆ ಅವರು ಸಹಿ ಹಾಕಿ ಕಳಿಸಿದ್ದಾರೆ ಎಂದು ಟೀಚರ್ ಹೇಳಿದರು. ಈ ಸಲ ನಾನು ತಯಾರಿ ಮಾಡಿಯೇ ಹೋಗುತ್ತೇನೆ.