ಸುಳ್ಳು ಲೆಕ್ಕವೂ ನ್ಯಾಯಸ್ಥಾನವೂ

ಸಿರುಗುಪ್ಪೆಯ ಭತ್ತದ ಗಿರಣಿಯ ಗುಮಾಸ್ತನು ಕಿರ್ದಿಯಲ್ಲಿ ಅಂಕೆಯೊಂದನ್ನು ತಪ್ಪಿ ಬರೆದರೆ ಅದು ಮರೆವು. ಯಜಮಾನನನ್ನು ವಂಚಿಸಬೇಕೆಂದೇ ಬರೆದರೆ ಅಪರಾಧ. ಬರೆಹ ಒಂದೇ, ಉದ್ದೇಶ ಬೇರೆ. ಈ ಉದ್ದೇಶವನ್ನು ಅಳೆಯುವುದೇ ನ್ಯಾಯಸ್ಥಾನದ ಕಷ್ಟ. ಆಪಾದಿತನು ರಾಜಕಾರಣಿಯಾದರೆ ಆ ಕಷ್ಟವು ಇಮ್ಮಡಿಯಾಗುವುದು.

ಅಮೆರಿಕದ ಡೊನಾಲ್ಡ್ ಟ್ರಂಪರ ಮೊಕದ್ದಮೆಯನ್ನು ನೋಡೋಣ. 2016ರ ಚುನಾವಣೆಗೆ ಮುನ್ನ ಸ್ತ್ರೀಯೊಬ್ಬಳು ಮೌನವಾಗಿರಲೆಂದು ಅವರ ವಕೀಲನು 1,30,000 ಡಾಲರುಗಳನ್ನು ಕೊಟ್ಟನು. ಆ ಹಣವನ್ನು ಅವನಿಗೆ ಹಿಂದಿರುಗಿಸುವಾಗ ವಕೀಲಿಯ ಶುಲ್ಕವೆಂದು ಲೆಕ್ಕ ಬರೆಯಲಾಯಿತೆಂಬುದು ಆರೋಪ. 2024ರ ಮೇ 30ರಂದು ನ್ಯೂಯಾರ್ಕಿನ ಜೂರಿಯು 34 ಆರೋಪಗಳಲ್ಲಿಯೂ ಅವರನ್ನು ದೋಷಿಯೆಂದಿತು. ಅಲ್ಲಿಯ ಕಾಯಿದೆಯಂತೆ ಸುಳ್ಳು ದಾಖಲೆಯು ಸಣ್ಣ ಅಪರಾಧ. ಬೇರೊಂದು ಅಪರಾಧವನ್ನು ಮಾಡುವ ಇಲ್ಲವೆ ಮರೆಸುವ ಉದ್ದೇಶವಿದ್ದರೆ ಮಾತ್ರ ದೊಡ್ಡದು. ಚುನಾವಣೆಯ ಮೇಲೆ ಪ್ರಭಾವ ಬೀರಲು ಬಳಸಿದ ಅಕ್ರಮ ಮಾರ್ಗವು ಯಾವುದೆಂಬ ಬಗೆಗೆ ಜೂರಿಯವರೆಲ್ಲರೂ ಏಕಮತರಾಗಬೇಕಿಲ್ಲವೆಂದು ನ್ಯಾಯಾಧೀಶರು ಹೇಳಿದುದು ಯುಕ್ತವೇ ಎಂಬುದೇ ನ್ಯಾಯಶಾಸ್ತ್ರಜ್ಞರ ದೊಡ್ಡ ವಾದ. 2025ರ ಜನವರಿ 10ರಂದು ಯಾವ ದಂಡನೆಯೂ ಇಲ್ಲದೆ ಅವರಿಗೆ ಬಿಡುಗಡೆಯಾಯಿತು. ಹತ್ತು ದಿನಗಳಲ್ಲಿ ಅವರು ಅಧ್ಯಕ್ಷಪದವಿಯನ್ನೇರಿದರು.

ನಮ್ಮಲ್ಲಿಯೂ ಗುಮಾಸ್ತ, ಅಧಿಕಾರಿ ಅಥವಾ ನೌಕರನು ವಂಚಿಸುವ ಉದ್ದೇಶದಿಂದ ಯಜಮಾನನ ಲೆಕ್ಕವನ್ನು ಕೆಡಿಸಿದರೆ ಏಳು ವರ್ಷಗಳವರೆಗೆ ಸೆರೆವಾಸವುಂಟು. ಹಳೆಯ ದಂಡಸಂಹಿತೆಯ 477ಎ ವಿಧಿಯು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 344ನೆಯ ವಿಧಿಯಾಗಿದೆ. ಆದರೆ ರಾಜಕಾರಣಿಯ ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ ಹಾದಿಯನ್ನು ಹಿಡಿದಿಲ್ಲ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಶಾಸಕನ ಸ್ಥಾನವು ಹೋಗುವುದು; ಅಪೀಲಿನ ನೆವದಿಂದ ಸ್ಥಾನದಲ್ಲಿ ಉಳಿಯುವ ಸೌಕರ್ಯವನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೆಗೆದುಹಾಕಿತು.

ಇದರ ಪರಿಣಾಮವನ್ನು ನಮ್ಮ ಸೀಮೆಯವರೇ ಕಂಡರು. ಬಳ್ಳಾರಿಯ ಗಾಲಿ ಜನಾರ್ದನ ರೆಡ್ಡಿಯವರ ಓಬಳಾಪುರಂ ಮೊಕದ್ದಮೆಯು ಕಿರ್ದಿಯದಲ್ಲ, ಅಕ್ರಮ ಗಣಿಗಾರಿಕೆಯದು. 2009ರಲ್ಲಿ ಸಿ.ಬಿ.ಐ. ದಾಖಲಿಸಿದ ಆ ಮೊಕದ್ದಮೆಯಲ್ಲಿ 2025ರ ಮೇ 6ರಂದು ಹೈದರಾಬಾದಿನ ನ್ಯಾಯಾಲಯವು ಅವರಿಗೆ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಮಾಜಿ ಮಂತ್ರಿ ಸಬಿತಾ ಇಂದ್ರಾ ರೆಡ್ಡಿಯವರನ್ನು ನಿರ್ದೋಷಿಯೆಂದು ಬಿಟ್ಟಿತು. ಜನಾರ್ದನ ರೆಡ್ಡಿಯವರ ಗಂಗಾವತಿಯ ಶಾಸಕತ್ವವು ಹೋಯಿತು; ಜೂನ್ ತಿಂಗಳಲ್ಲಿ ತೆಲಂಗಾಣ ಉಚ್ಚ ನ್ಯಾಯಾಲಯವು ತಡೆಯಿತ್ತ ಮೇಲೆ ಮರಳಿ ಬಂದಿತು.

ದೋಷಿಯು ಶಾಸನ ಮಾಡಬಾರದೆಂಬುದು ನ್ಯಾಯ. ಅಪೀಲಿನಲ್ಲಿ ನಿರ್ದೋಷಿಯಾಗಬಹುದಾದವನನ್ನು ಆರಿಸಿದ ಊರು ಮೂಕವಾಗಬಾರದೆಂಬುದೂ ನ್ಯಾಯ. ಈ ಎರಡನ್ನೂ ಕಾಯುವ ಉಪಾಯವು ಶೀಘ್ರ ವಿಚಾರಣೆಯೊಂದೇ ಎಂದು ನಮಗೆ ತೋರುವುದು. ಹದಿನೈದು ವರ್ಷ ತಡೆದು ಬರುವ ತೀರ್ಪಿನಿಂದ ಆಪಾದಿತನಿಗೂ ಹಿತವಿಲ್ಲ, ಮತ ಕೊಟ್ಟ ಗೃಹಸ್ಥನಿಗೂ ಹಿತವಿಲ್ಲ.