ರಿಸರ್ವ್ ಬ್ಯಾಂಕೂ ಗ್ರಾಮದ ಸಾಲವೂ

ಬೇಸಾಯಕ್ಕೆ ನೀರು ಹೇಗೋ ಹಣವೂ ಹಾಗೆಯೇ ಅತ್ಯಾವಶ್ಯಕವಾದುದು. ಬಿತ್ತನೆಯ ಕಾಲದಲ್ಲಿ ಬೀಜಗೊಬ್ಬರಗಳಿಗೂ, ಕಳೆ ಕೀಳುವ ಕಾಲದಲ್ಲಿ ಕೂಲಿಗೂ ಕೈಯಲ್ಲಿ ಹಣವಿಲ್ಲದ ರೈತನು ಫಸಲು ಮನೆಗೆ ಬರುವ ಮೊದಲೇ ಸಾಲಕ್ಕೆ ಸಿಕ್ಕಿಕೊಳ್ಳುತ್ತಾನೆ. ಆ ಸಾಲದ ಬಡ್ಡಿಯು ಮಿತಿಮೀರಿದರೆ ಪಿತ್ರಾರ್ಜಿತವಾದ ಭೂಮಿಯೇ ಕೈಬಿಟ್ಟು ಹೋಗುತ್ತದೆ. ಇದನ್ನು ಕಣ್ಣಾರೆ ಕಾಣದ ಪಟೇಲರಾಗಲಿ ಜಮೀನುದಾರರಾಗಲಿ ಇರಲಾರರು. ಆದರೆ ಈ ಹಣವು ಎಲ್ಲಿಂದ ಹೊರಟು ಯಾವ ಯಾವ ಕಾಲುವೆಗಳ ಮೂಲಕ ಗ್ರಾಮವನ್ನು ಸೇರುತ್ತದೆ, ಅದರ ಪ್ರಮಾಣವನ್ನೂ ಬೆಲೆಯನ್ನೂ ಕಾಯುವವರಾರು, ಎಂಬುದನ್ನು ತಿಳಿದವರು ವಿರಳ. ಆ ಕಾವಲಿನ ಹೊಣೆಯನ್ನು ಹೊತ್ತಿರುವ ಸಂಸ್ಥೆಯೇ ಭಾರತದ ರಿಸರ್ವ್ ಬ್ಯಾಂಕು.

ಸ್ಥಾಪನೆ

ಮೊದಲು ಈ ದೇಶದಲ್ಲಿ ನೋಟುಗಳನ್ನು ಹೊರಡಿಸುವ ಅಧಿಕಾರವು ಸರ್ಕಾರದ ವಶದಲ್ಲಿಯೂ, ಸಾಲದ ವ್ಯವಹಾರದ ಹತೋಟಿಯು ಬಹುಮಟ್ಟಿಗೆ ಇಂಪೀರಿಯಲ್ ಬ್ಯಾಂಕಿನ ಕೈಯಲ್ಲಿಯೂ ಇದ್ದಿತು. ಒಂದೇ ಕೆರೆಗೆ ಇಬ್ಬರು ನೀರುಗಂಟಿಗಳಿದ್ದರೆ ಹೇಗೋ ಹಾಗೆ, ಇವೆರಡಕ್ಕೂ ಹೊಂದಾಣಿಕೆಯಿಲ್ಲದೆ ತೊಡಕುಗಳುಂಟಾಗುತ್ತಿದ್ದವು. ಆದಕಾರಣ 1926ರಲ್ಲಿ ಹಿಲ್ಟನ್ ಯಂಗ್ ಆಯೋಗವು ಈ ಎರಡು ಅಧಿಕಾರಗಳೂ ಒಂದೇ ಸಂಸ್ಥೆಯಲ್ಲಿರತಕ್ಕದ್ದೆಂದು ಸಲಹೆ ಮಾಡಿತು. 1934ರಲ್ಲಿ ಕಾಯಿದೆಯಾಗಿ, 1935ನೆಯ ಇಸವಿ ಏಪ್ರಿಲ್ 1ರಂದು ಬ್ಯಾಂಕು ಕಾರ್ಯಾರಂಭ ಮಾಡಿತು. ಅದರ ಮೂಲಧನವು ಷೇರುದಾರರಿಂದ ಕೂಡಿಸಿದ 5 ಕೋಟಿ ರೂಪಾಯಿಗಳು. ಕಲ್ಕತ್ತೆಯಲ್ಲಿದ್ದ ಮುಖ್ಯ ಕಛೇರಿಯು 1937ರಲ್ಲಿ ಮುಂಬಯಿಯನ್ನು ಸೇರಿತು. 1943ರಲ್ಲಿ ಸಿ. ಡಿ. ದೇಶಮುಖರು ಅದರ ಪ್ರಥಮ ಭಾರತೀಯ ಗವರ್ನರರಾದರು. 1949ನೆಯ ಜನವರಿ 1ರಿಂದ ಅದು ರಾಷ್ಟ್ರದ ಸ್ವತ್ತಾಗಿದೆ.

ಮುಖ್ಯ ಕರ್ತವ್ಯಗಳು

ಒಂದನೆಯದಾಗಿ, ಒಂದು ರೂಪಾಯಿನ ನೋಟೊಂದನ್ನು ಬಿಟ್ಟು ಉಳಿದ ಎಲ್ಲ ನೋಟುಗಳನ್ನೂ ಹೊರಡಿಸುವ ಹಕ್ಕು ಈ ಬ್ಯಾಂಕಿನದು. ಮೈಸೂರಿನಲ್ಲಿಯೂ ಬಂಗಾಳದ ಸಾಲ್ಬೋನಿಯಲ್ಲಿಯೂ ಇರುವ ನೋಟಿನ ಮುದ್ರಣಾಲಯಗಳು ಇದರದೇ ಅಧೀನ ಕಂಪನಿಗೆ ಸೇರಿವೆ. ನೋಟುಗಳನ್ನು ಬೇಕಾದಷ್ಟು ಅಚ್ಚು ಹಾಕಿ ಹಂಚಿದರೆ ಬಡತನವು ತೀರುವುದಿಲ್ಲವೇ ಎಂದು ಕೆಲವರು ಕೇಳುವುದುಂಟು. ಸಂತೆಯಲ್ಲಿ ಧಾನ್ಯವು ಇದ್ದಷ್ಟೇ ಇದ್ದು ಹಣವು ಮಾತ್ರ ಎರಡರಷ್ಟಾದರೆ ಧಾನ್ಯದ ಬೆಲೆಯು ಏರುವುದೇ ಹೊರತು ಹೊಟ್ಟೆ ತುಂಬುವುದಿಲ್ಲ. ಫಸಲಿಗೆ ಹೆಚ್ಚು ಬೆಲೆ ಬಂದಿತೆಂದು ರೈತನು ಹಿಗ್ಗುವಷ್ಟರಲ್ಲಿ ಗೊಬ್ಬರ, ಬಟ್ಟೆ, ಕೂಲಿಗಳೂ ಏರಿರುತ್ತವೆ.

ಎರಡನೆಯದಾಗಿ, ಇದು ಬ್ಯಾಂಕುಗಳ ಬ್ಯಾಂಕು. ಇತರ ಬ್ಯಾಂಕುಗಳು ತಮ್ಮ ಠೇವಣಿಯ ಒಂದಂಶವನ್ನು ಇದರಲ್ಲಿ ಇಡಬೇಕು. ಕೊರತೆ ಬಿದ್ದಾಗ ಇದರಿಂದಲೇ ಸಾಲ ಪಡೆಯಬಹುದು. ಈ ಸಾಲದ ಬಡ್ಡಿಗೆ ರೆಪೋ ದರವೆಂದು ಹೆಸರು. ಬೆಲೆಗಳು ಏರತೊಡಗಿದಾಗ ಬ್ಯಾಂಕು ಈ ದರವನ್ನು ಹೆಚ್ಚಿಸಿ ತೂಬನ್ನು ಕಿರಿದು ಮಾಡುತ್ತದೆ. ವ್ಯಾಪಾರವು ಕುಂದಿದಾಗ ದರವನ್ನು ಇಳಿಸಿ ತೂಬನ್ನು ಎತ್ತುತ್ತದೆ. 2016ರಿಂದ ಈ ದರವನ್ನು ಆರು ಮಂದಿಯ ಸಮಿತಿಯು ಗೊತ್ತುಮಾಡುತ್ತಿದೆ. ಬೆಲೆಗಳ ಏರಿಕೆಯು ವರ್ಷಕ್ಕೆ ನೂರಕ್ಕೆ 4ರ ಆಸುಪಾಸಿನಲ್ಲಿದ್ದು, 2ಕ್ಕೆ ಇಳಿಯದೆ 6ಕ್ಕೆ ಮೀರದೆ ಇರತಕ್ಕದ್ದೆಂದು ಅದೇ ವರ್ಷ ಗುರಿಯನ್ನು ನಿಶ್ಚಯಿಸಲಾಯಿತು.

ಮೂರನೆಯದಾಗಿ, ಬ್ಯಾಂಕುಗಳಿಗೆ ಪರವಾನಗಿ ಕೊಟ್ಟು ಅವುಗಳ ಲೆಕ್ಕಪತ್ರಗಳನ್ನು ತನಿಖೆ ಮಾಡುವುದೂ ಇದರ ಕೆಲಸವಾಗಿದೆ.

ವ್ಯವಸಾಯದ ಸಾಲ

ಲೋಕದ ಬಹುಪಾಲು ಕೇಂದ್ರ ಬ್ಯಾಂಕುಗಳಲ್ಲಿಲ್ಲದ ಒಂದು ವಿಶೇಷವು ಇದರಲ್ಲುಂಟು. 1934ರ ಕಾಯಿದೆಯಲ್ಲಿಯೇ ವ್ಯವಸಾಯದ ಸಾಲಕ್ಕಾಗಿ ಪ್ರತ್ಯೇಕ ಶಾಖೆಯೊಂದು ಇರಬೇಕೆಂದು ವಿಧಿಸಲಾಗಿತ್ತು. ಬ್ಯಾಂಕಿನ ಹಣವು ಪ್ರಾಂತದ ಸಹಕಾರ ಬ್ಯಾಂಕಿಗೂ, ಅಲ್ಲಿಂದ ಜಿಲ್ಲೆಯ ಬ್ಯಾಂಕಿಗೂ, ಅಲ್ಲಿಂದ ಗ್ರಾಮದ ಸಂಘಕ್ಕೂ ಇಳಿದು ರೈತನ ಕೈಸೇರುವ ಏರ್ಪಾಡಾಯಿತು. ಮೊದಲು ಈ ಸಾಲದ ವಾಯಿದೆಯು ಒಂಬತ್ತು ತಿಂಗಳು ಮಾತ್ರವೇ ಇದ್ದಿತು. ವರ್ಷವಿಡೀ ಹೊಲದಲ್ಲಿ ನಿಲ್ಲುವ ಕಬ್ಬಿನಂಥ ಬೆಳೆಗೆ ಅಷ್ಟು ಕಾಲವು ಸಾಲದೆಂಬುದನ್ನು ಬೆಳೆದವರೇ ಬಲ್ಲರು. 1951ರಲ್ಲಿ ಅದನ್ನು ಹದಿನೈದು ತಿಂಗಳಿಗೆ ಏರಿಸಲಾಯಿತು.

ಆದರೂ ಈ ನೀರು ಕಾಲುವೆಯ ಕೊನೆಯನ್ನು ಮುಟ್ಟಲಿಲ್ಲ. 1951–52ರಲ್ಲಿ ಬ್ಯಾಂಕು 75 ಜಿಲ್ಲೆಗಳ 600 ಗ್ರಾಮಗಳಲ್ಲಿ ವಿಚಾರಣೆ ನಡೆಸಿ, ಎ. ಡಿ. ಗೋರ್ವಾಲರ ಅಧ್ಯಕ್ಷತೆಯ ಸಮಿತಿಯ ಮೂಲಕ ಅದರ ಫಲವನ್ನು 1954ರಲ್ಲಿ ಪ್ರಕಟಿಸಿತು. ರೈತರು ಮಾಡಿದ ಸಾಲದಲ್ಲಿ ನೂರಕ್ಕೆ ಸುಮಾರು 3 ರೂಪಾಯಿ ಸರ್ಕಾರದಿಂದಲೂ, ಸುಮಾರು 3 ರೂಪಾಯಿ ಸಹಕಾರ ಸಂಘಗಳಿಂದಲೂ ಬಂದಿದ್ದರೆ, ಹೆಚ್ಚುಕಡಿಮೆ 70 ರೂಪಾಯಿ ಲೇವಾದೇವಿಗಾರರಿಂದ ಬಂದಿತ್ತು. ಈ ಅಂಕಿಗಳು ಎಲ್ಲರ ಕಣ್ಣನ್ನೂ ತೆರೆಸಿದವು. 1955ರಲ್ಲಿ ಸ್ಟೇಟ್ ಬ್ಯಾಂಕೂ, 1956ರಲ್ಲಿ ದೀರ್ಘಾವಧಿಯ ವ್ಯವಸಾಯ ಸಾಲಕ್ಕಾಗಿ 10 ಕೋಟಿ ರೂಪಾಯಿಗಳ ನಿಧಿಯೂ ಏರ್ಪಟ್ಟವು. 1982ರ ಜುಲೈನಲ್ಲಿ ನಬಾರ್ಡ್ ಬ್ಯಾಂಕು ಹುಟ್ಟಿ, ವ್ಯವಸಾಯ ಸಾಲದ ಈ ಕಾರ್ಯಭಾರವನ್ನು ವಹಿಸಿಕೊಂಡಿತು. ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದಲ್ಲಿ ನೂರಕ್ಕೆ 18 ಭಾಗವನ್ನು ಬೇಸಾಯಕ್ಕೆ ಮೀಸಲಿಡಬೇಕೆಂಬುದೂ ರಿಸರ್ವ್ ಬ್ಯಾಂಕಿನ ಗುರಿಯೇ. 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡು ಬಳಕೆಗೆ ಬಂದಿತು. ಅಡಮಾನವಿಲ್ಲದೆ ದೊರೆಯುವ ವ್ಯವಸಾಯ ಸಾಲದ ಮಿತಿಯನ್ನು 2025ರ ಜನವರಿ 1ರಿಂದ 2 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು.

ಗ್ರಾಮದ ಮುಖಂಡರು ಗಮನಿಸತಕ್ಕ ಅಂಶಗಳು

1. ರಿಸರ್ವ್ ಬ್ಯಾಂಕು ಯಾವ ರೈತನಿಗೂ ನೇರವಾಗಿ ಸಾಲ ಕೊಡುವುದಿಲ್ಲ. ಯಾರಿಂದಲೂ ಠೇವಣಿಯನ್ನು ಕೂಡಿಸುವುದಿಲ್ಲ. ಅದರ ಹೆಸರು ಹೇಳಿಕೊಂಡು ಮುಂಗಡ ಹಣವನ್ನಾಗಲಿ ಗುಪ್ತ ಸಂಖ್ಯೆಯನ್ನಾಗಲಿ ಕೇಳುವವನು ವಂಚಕನೆಂದೇ ತಿಳಿಯತಕ್ಕದ್ದು.

2. ಬ್ಯಾಂಕು ಮುರಿದು ಬಿದ್ದ ಪಕ್ಷದಲ್ಲಿ, ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗಿರುವ ಹಣಕ್ಕೆ ಬಡ್ಡಿಯೂ ಸೇರಿ 5 ಲಕ್ಷ ರೂಪಾಯಿಗಳವರೆಗೆ ವಿಮೆಯುಂಟು. ಈ ಮಿತಿಯು 2020ರಲ್ಲಿ ಗೊತ್ತಾಯಿತು. ಆದರೆ ಗ್ರಾಮದ ಪ್ರಾಥಮಿಕ ಸಹಕಾರ ಸಂಘದ ಠೇವಣಿಗಳಿಗೆ ಈ ವಿಮೆಯ ರಕ್ಷಣೆಯಿಲ್ಲ. ಅಲ್ಲಿ ರಕ್ಷಣೆಯೆಂದರೆ ಸದಸ್ಯರ ಎಚ್ಚರವೇ. ಆದುದರಿಂದ ಸಂಘದ ಲೆಕ್ಕವನ್ನು ವರ್ಷಕ್ಕೊಮ್ಮೆ ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಿಸುವುದು ಅತ್ಯಾವಶ್ಯಕ.

3. ಬ್ಯಾಂಕಿನ ವಿಷಯದಲ್ಲಿ ಅಹವಾಲಿದ್ದರೆ ಮೊದಲು ಅದಕ್ಕೇ ಬರೆದು ಕೊಡಬೇಕು. ಮೂವತ್ತು ದಿನಗಳೊಳಗೆ ಉತ್ತರವು ಬಾರದಿದ್ದರೆ ರಿಸರ್ವ್ ಬ್ಯಾಂಕು ನೇಮಿಸಿರುವ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ.

4. ಬೆಳೆಯ ಸಾಲವನ್ನು ಮದುವೆ ಮುಂಜಿಗಳಿಗೆ ವ್ಯಯ ಮಾಡದೆ, ವಾಯಿದೆಗೆ ಸರಿಯಾಗಿ ತೀರಿಸುವಂತೆ ಗ್ರಾಮಸ್ಥರಿಗೆ ತಿಳಿಯಹೇಳಬೇಕು. ಮೇಲಿನ ಹೊಲದವನು ಕಾಲುವೆಯನ್ನು ಕಟ್ಟಿದರೆ ಕೆಳಗಿನ ಹೊಲವು ಒಣಗುವಂತೆ, ಒಬ್ಬನು ಉಳಿಸಿಕೊಂಡ ಬಾಕಿಯಿಂದ ಮತ್ತೊಬ್ಬನ ಬಿತ್ತನೆಯು ನಿಲ್ಲುತ್ತದೆ.

ಇಂಥ ಕಾರ್ಯಕ್ಕೆ ಮುಂದಾಳಾಗುವುದು ಗ್ರಾಮದ ಹಿರಿಯರಿಗೆ ಹೊಸದಲ್ಲ. ರಿಸರ್ವ್ ಬ್ಯಾಂಕು ಹುಟ್ಟುವುದಕ್ಕೆ ಮೂವತ್ತು ವರ್ಷಗಳ ಹಿಂದೆ, 1905ರಲ್ಲಿಯೇ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ತಮ್ಮ ಗ್ರಾಮದ ರೈತರನ್ನು ಕೂಡಿಸಿ ಸಹಕಾರ ಸಂಘವನ್ನು ಕಟ್ಟಿದರು. ದೊಡ್ಡ ಬ್ಯಾಂಕು ತೂಬನ್ನು ಕಾಯಬಲ್ಲದು. ಊರಿನ ಕಾಲುವೆಯ ಹೂಳನ್ನು ಎತ್ತತಕ್ಕವರು ಊರಿನವರೇ.