ಲೆಕ್ಕ ಬಲ್ಲ ಮಕ್ಕಳು ತೋಟಕ್ಕೂ ಬೇಕು

ಕಳೆದ ಮಾಘ ಮಾಸದಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ನಾಲ್ಕು ದಿನ ಬಿಡುವು ಮಾಡಿಕೊಂಡು ವಿಜಯಪುರ ಜಿಲ್ಲೆಯ ತಿಕೋಟಾಕ್ಕೆ ಹೋಗಿ ಬಂದೆ. ಧಾರವಾಡದಲ್ಲಿ ಬಿ.ಕಾಂ. ಓದುವಾಗ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳೆಯರು ಅಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ನಮ್ಮ ಕಡೆಯ ಮಳೆ, ಮರದ ನೆರಳು ಅಲ್ಲಿ ಇಲ್ಲ. ಕಪ್ಪು ಎರೆ ನೆಲ, ಸುಡುವ ಬಿಸಿಲು, ಕೃಷ್ಣೆಯಿಂದ ಎತ್ತಿ ತಂದ ನೀರು. ಆದರೂ ಅವರ ಹಣಕಾಸಿನ ಕಷ್ಟ ಕೇಳುತ್ತ ಕುಳಿತರೆ ಮಲೆನಾಡಿನ ತೋಟಗಾರನೇ ಮಾತಾಡುತ್ತಿದ್ದಾನೆ ಎನಿಸುತ್ತದೆ.

ಏಪ್ರಿಲ್‌ನಲ್ಲೊಮ್ಮೆ ಚಾಟನಿ, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಚಾಟನಿ. ನಡುವೆ ಗೊಬ್ಬರ, ಔಷಧಿ, ಆಳಿನ ಕೂಲಿ. ಕೈಗೆ ಹಣ ಬರುವುದು ಮಾತ್ರ ಮಾರ್ಚ್ ದಾಟಿದ ಮೇಲೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ಅದನ್ನು ಕೂಡಲೇ ಮಾರಬೇಕೋ, ಶೀತಲಗೃಹದಲ್ಲಿ ಇಟ್ಟು ಕಾಯಬೇಕೋ ಎಂಬುದು ಅವರ ಚಿಂತೆ. ಕಾಫಿ ಚೀಲವನ್ನೋ ಚಾಲಿ ಅಡಿಕೆಯನ್ನೋ ಅಟ್ಟದ ಮೇಲೆ ಇಟ್ಟುಕೊಂಡು ದರ ನೋಡುವ ನಮಗೂ ಅದೇ ಚಿಂತೆಯಲ್ಲವೇ?

ಗೆಳೆಯನ ಮನೆಯ ಜಗಳ

ಊಟವಾದ ಮೇಲೆ ಗೆಳೆಯರು ವಿಷಯ ತೆಗೆದರು. ಮಗಳು ದ್ವಿತೀಯ ಪಿ.ಯು.ಸಿ. ವಾಣಿಜ್ಯ ವಿಭಾಗದಲ್ಲಿದ್ದಳು. ವಿಜಯಪುರದಲ್ಲಿ ಬಿ.ಕಾಂ. ಸೇರಿ ಹಣಕಾಸು ವಿಷಯವನ್ನೇ ಓದುತ್ತೇನೆಂದು ಹಟ. ತಂದೆಗೆ ಅದು ಒಪ್ಪಿಗೆಯಿಲ್ಲ. "ನೀವರ ಸ್ವಲ್ಪ ಬುದ್ಧಿ ಹೇಳ್ರಿ. ನಾವಿಬ್ರೂ ಬಿ.ಕಾಂ. ಓದಿ ಮಣ್ಣಾಗ ಕುಂತೀವಿ. ಮತ್ತ ಆಕಿನೂ ಅದನ್ನ ಓದಿ ಏನ್ ಮಾಡಾಕಿ?" ಎಂದರು. ಮಾತು ನಿಜವೆಂದೇ ನನಗೂ ತೋರಿತು.

ಹುಡುಗಿ ವಾದ ಮಾಡಲಿಲ್ಲ. ಒಳಗೆ ಹೋಗಿ ತಂದೆಯ ಸಾಲದ ಕಾಗದ ತಂದಿಟ್ಟಳು. ಔಷಧಿ ಸಿಂಪಡಿಸುವ ಯಂತ್ರಕ್ಕೆ ಒಂದು ಹಣಕಾಸು ಸಂಸ್ಥೆಯಿಂದ ತೆಗೆದ ಸಾಲ. ಒಂದು ಲಕ್ಷ ರೂಪಾಯಿ, ಮೂರು ವರ್ಷ, "ಬಡ್ಡಿ ಶೇ. 10". ವರ್ಷಕ್ಕೆ ಹತ್ತು ಸಾವಿರದಂತೆ ಮೂರು ವರ್ಷಕ್ಕೆ 30,000 ಬಡ್ಡಿ. ಒಟ್ಟು 1,30,000 ರೂಪಾಯಿಯನ್ನು 36 ಕಂತು ಮಾಡಿ ತಿಂಗಳಿಗೆ 3,611 ರೂಪಾಯಿ.

"ಕಾಕಾ, ಪ್ರತಿ ತಿಂಗಳು ಅಸಲೂ ತೀರ್ತೈತಲ್ಲ? ಕಡೀ ವರ್ಷ ಅಪ್ಪನ ಹತ್ರ ಆ ಲಕ್ಷ ರೂಪಾಯಿ ಎಲ್ಲೈತಿ? ಮತ್ತ ಬಡ್ಡಿ ಪೂರಾ ಲಕ್ಷದ ಮ್ಯಾಲ ಯಾಕ?" ಎಂದು ಕೇಳಿದಳು. ಉಳಿದ ಅಸಲಿನ ಮೇಲೆ ಮಾತ್ರ ಲೆಕ್ಕ ಹಾಕಿದರೆ ಆ ಸಾಲದ ನಿಜವಾದ ಬಡ್ಡಿ ಶೇ. 18ರ ಹತ್ತಿರ. ಅದನ್ನೂ ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟಿದ್ದಳು. ಗೆಳೆಯರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಇನ್ನೂ ಹನ್ನೊಂದು ಕಂತು ಬಾಕಿಯಿತ್ತು.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಇಪ್ಪತ್ತು ವರ್ಷದ ಹಿಂದೆ ನಾನೂ ಪಂಪ್‌ಸೆಟ್ಟಿಗೆ ಇಂಥದೇ ಕಾಗದಕ್ಕೆ ಸಹಿ ಹಾಕಿದ್ದೆ. ಪದವಿ ಗೋಡೆಯ ಮೇಲಿತ್ತು, ಲೆಕ್ಕ ತಲೆಯಲ್ಲಿರಲಿಲ್ಲ. ಬುದ್ಧಿ ಹೇಳಲು ಕುಳಿತವನು ಬುದ್ಧಿ ಕೇಳಿ ಎದ್ದೆ.

ಹಳಕಟ್ಟಿಯವರ ಊರಿನಲ್ಲಿ

ಮರುದಿನ ಮೂವರೂ ವಿಜಯಪುರಕ್ಕೆ ಹೋದೆವು. ವಚನ ಪಿತಾಮಹರೆಂದು ನಾವೆಲ್ಲ ಗೌರವಿಸುವ ಡಾ. ಫ. ಗು. ಹಳಕಟ್ಟಿಯವರ ಕರ್ಮಭೂಮಿ ಅದು. ತಾಳೆಗರಿ ಹುಡುಕಿ ವಚನಗಳನ್ನು ಉಳಿಸಿದ ಈ ವಕೀಲರು 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಯನ್ನೂ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಹುಟ್ಟುಹಾಕಿದರು. ಬರಗಾಲದ ಸೀಮೆಯ ಜನ ಮೇಲೇಳಬೇಕಾದರೆ ಶಾಲೆಯೂ ಬೇಕು, ನ್ಯಾಯವಾದ ಬಡ್ಡಿಗೆ ಸಾಲವೂ ಬೇಕು ಎಂಬುದನ್ನು ಎರಡೇ ವರ್ಷದ ಅಂತರದಲ್ಲಿ ಮಾಡಿ ತೋರಿಸಿದ್ದು ಸಣ್ಣ ಮಾತಲ್ಲ. ಅದಕ್ಕೂ ಮೊದಲು, 1905ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರು. ನಮ್ಮ ಸಂಘವೂ ಅದೇ ಬೇರಿನ ಒಂದು ಚಿಗುರು.

ಅದೇ ಬಿ.ಎಲ್.ಡಿ.ಇ. ಸಂಸ್ಥೆಯ ಎ. ಎಸ್. ಪಾಟೀಲ ವಾಣಿಜ್ಯ ಮಹಾವಿದ್ಯಾಲಯ ಈಗ ಆ ನಗರದಲ್ಲಿದೆ. ನಮ್ಮ ಕಾಲದಲ್ಲಿ ಈ ಸೀಮೆಗೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೇ ದಿಕ್ಕು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಬಂದಿತು. ಹೆಣ್ಣುಮಕ್ಕಳಿಗಾಗಿ 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯ, ಈಗಿನ ಅಕ್ಕಮಹಾದೇವಿ ವಿಶ್ವವಿದ್ಯಾಲಯ, ವಿಜಯಪುರದಲ್ಲೇ ಇದೆ. ತಿಕೋಟಾದ ಹುಡುಗಿ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಓದಿ ಬರಬಹುದು.

ಅಲ್ಲಿ ಕಲಿಸುವುದೇನು?

2021ರಲ್ಲಿ ತಂದ ನಾಲ್ಕು ವರ್ಷದ ಪದವಿ ಕ್ರಮವನ್ನು ರಾಜ್ಯ ಸರಕಾರ 2024ರಲ್ಲಿ ಕೈಬಿಟ್ಟಿತು. ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಮೊದಲು ರೋಜು ಕೀರ್ದಿ, ಖಾತೆ, ಅಢಾವೆ ಪತ್ರಿಕೆ. ಆಮೇಲೆ ಉತ್ಪಾದನಾ ವೆಚ್ಚದ ಲೆಕ್ಕ, ಆದಾಯ ತೆರಿಗೆ, ಲೆಕ್ಕ ಪರಿಶೋಧನೆ, ಬ್ಯಾಂಕಿಂಗ್. ಹಣಕಾಸು ನಿರ್ವಹಣೆ ಎಂಬ ವಿಷಯದ ಸಾರ ಮೂರೇ ಪ್ರಶ್ನೆ: ಹಣ ಎಲ್ಲಿಂದ ತರಬೇಕು, ಯಾವುದಕ್ಕೆ ಹಾಕಬೇಕು, ಅದು ತಿರುಗಿ ಬರುವತನಕ ಮನೆ ಹೇಗೆ ನಡೆಯಬೇಕು. ಈ ಮೂರೂ ಪ್ರಶ್ನೆ ನಮ್ಮ ತೋಟದಲ್ಲಿ ದಿನಾ ಏಳುವಂಥವೇ.

ಒಂದು ಉದಾಹರಣೆ ಕೊಡುತ್ತೇನೆ. ಒಂದು ಕ್ವಿಂಟಲ್ ಅಡಿಕೆಗೆ ಇಂದು 45,000 ರೂಪಾಯಿ ಎಂದಿಟ್ಟುಕೊಳ್ಳೋಣ. ಶೇ. 12ರ ಸಾಲ ತಲೆಯ ಮೇಲಿದ್ದರೆ ಕಾದ ಪ್ರತಿ ತಿಂಗಳಿಗೆ 450 ರೂಪಾಯಿ ಬಡ್ಡಿ, ಆರು ತಿಂಗಳಿಗೆ 2,700. ಒಣಗಿ ತೂಕ ಎರಡು ಕಿಲೋ ಇಳಿದರೆ ಉಳಿದ 98 ಕಿಲೋದಲ್ಲೇ 47,700 ಹುಟ್ಟಬೇಕು. ಅಂದರೆ ಕ್ವಿಂಟಲಿಗೆ ಸುಮಾರು 48,670 ಸಿಕ್ಕರೆ ಮಾತ್ರ ಇಂದು ಮಾರಿದ್ದಕ್ಕೆ ಸಮ. ದರ 47,000 ಆಯಿತೆಂದು ಮೀಸೆ ತಿರುವಿದವನು ನಿಜದಲ್ಲಿ ಕಳೆದುಕೊಂಡಿದ್ದಾನೆ.

ಕಾಫಿಯವರಿಗಂತೂ ಈ ಲೆಕ್ಕ ಇನ್ನೂ ಮುಖ್ಯ. ಹಿಂದೆ ಕಾಫಿ ಮಂಡಳಿಯ ಪೂಲಿಗೆ ಬೆಳೆ ಹಾಕಿ, ಬಂದಾಗ ಬಂದಷ್ಟು ಹಣ ಪಡೆಯುತ್ತಿದ್ದೆವು. 1996ರ ಹೊತ್ತಿಗೆ ಆ ಪದ್ಧತಿ ಹೋಗಿ ಮಾರಾಟ ಪೂರ್ತಿ ಬೆಳೆಗಾರನ ಕೈಗೆ ಬಂದಿತು. ರೊಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್ ದರ ಗುರು. 2024ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದ್ದನ್ನು ನೋಡಿದ್ದೇವೆ, ಈ ಶತಮಾನದ ಆರಂಭದಲ್ಲಿ ಕಾಫಿ ಕೇಳುವವರಿಲ್ಲದ ದಿನಗಳನ್ನೂ ನೋಡಿದ್ದೇವೆ. ಏರಿದ ವರ್ಷ ಬಂದ ಹಣದಲ್ಲಿ ಇಳಿದ ವರ್ಷಕ್ಕೆಂದು ಎಷ್ಟು ತೆಗೆದಿಡಬೇಕೆಂಬುದೂ ಹಣಕಾಸಿನ ಪಾಠವೇ.

ಎರಡು ಎಚ್ಚರಿಕೆ

ಹಣಕಾಸು ಓದುವುದೆಂದರೆ ಷೇರು ಪೇಟೆಯಲ್ಲಿ ದಿನಕ್ಕೆ ನಾಲ್ಕು ಸಲ ಕೊಂಡು ಮಾರುವುದೆಂದು ಹಲವು ತರುಣರು ತಿಳಿದಿದ್ದಾರೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕಿಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಮೂರು ವರ್ಷದಲ್ಲಿ ನಷ್ಟ ಹೊಂದಿದರೆಂದು ಸೆಬಿಯೇ 2024ರಲ್ಲಿ ಹೇಳಿದೆ. ಮೊಬೈಲಿನಲ್ಲಿ ಆಸೆ ತೋರಿಸುವವರನ್ನು ನಂಬಿ ಅಡಿಕೆಯ ಹಣ ಹಾಕಬೇಡಿ.

ಎರಡನೆಯದು, ಪದವಿ ಒಂದೇ ಸಾಲದು. ಮುಂದೆ ಸಿ.ಎ. ಅಥವಾ ಎಂ.ಕಾಂ. ಮಾಡುವುದಿದ್ದರೆ ಇನ್ನಷ್ಟು ವರ್ಷದ ಶ್ರಮವಿದೆ. ಸೇರುವ ಮೊದಲೇ ಖರ್ಚು, ಕಾಲ ಎರಡನ್ನೂ ಮನೆಯಲ್ಲಿ ಕುಳಿತು ಲೆಕ್ಕ ಹಾಕಿರಿ. ಹಣಕಾಸು ಓದುವವರಿಗೆ ಅದೇ ಮೊದಲ ಪಾಠವಾಗಲಿ.

ನಮ್ಮ ಮನೆಯ ಮಾತು

ಗೆಳೆಯರ ಮಗಳು ಕಾಲೇಜು ಸೇರಿದ್ದಾಳೆ. ತಂದೆ ಆ ಸಾಲವನ್ನು ಒಣದ್ರಾಕ್ಷಿಯ ಹಣದಲ್ಲಿ ಅವಧಿಗೆ ಮೊದಲೇ ತೀರಿಸಿದರಂತೆ. ಅದಕ್ಕೂ ಮೊದಲು, ಮುಂಚೆ ತೀರಿಸಿದರೆ ದಂಡವೆಷ್ಟು, ಉಳಿಯುವುದೆಷ್ಟು ಎಂದು ಮಗಳೇ ಲೆಕ್ಕ ಹಾಕಿ ಕೊಟ್ಟಳೆಂದು ಫೋನಿನಲ್ಲಿ ಹೇಳಿದರು. ದನಿಯಲ್ಲಿ ಹೆಮ್ಮೆಯಿತ್ತು.

ಸದಸ್ಯ ಬಂಧುಗಳೇ, ಇಷ್ಟೆಲ್ಲ ಬರೆಯಲು ಕಾರಣವುಂಟು. ಪ್ರತಿ ವರ್ಷ ಮಹಾಸಭೆಯಲ್ಲಿ ನಾನು ಅಢಾವೆ ಪತ್ರಿಕೆ ಓದುತ್ತೇನೆ. ಅರ್ಧ ಓದುವಷ್ಟರಲ್ಲಿ "ಮಂಜೂರು, ಮಂಜೂರು" ಎಂಬ ಕೂಗು ಬರುತ್ತದೆ, ಎಲ್ಲರೂ ಊಟಕ್ಕೆ ಏಳುತ್ತಾರೆ. ನೀವು ನನ್ನ ಮೇಲಿಟ್ಟ ವಿಶ್ವಾಸಕ್ಕೆ ಋಣಿ. ಆದರೆ ವಿಶ್ವಾಸ ಲೆಕ್ಕಕ್ಕೆ ಬದಲಿಯಲ್ಲ. ಬಾಕಿ ಸಾಲ ಎಷ್ಟು, ಅದರಲ್ಲಿ ವಸೂಲಾಗದ್ದು ಎಷ್ಟು, ನಿಮ್ಮ ಠೇವಣಿ ಎಲ್ಲಿದೆ ಎಂದು ಕೇಳುವ ಸದಸ್ಯನಿಲ್ಲದ ಸಂಘ ಬೇಲಿಯಿಲ್ಲದ ತೋಟದಂತೆ. ನಾನೂ ಇನ್ನು ಕೆಲವೇ ವರ್ಷ ಈ ಕುರ್ಚಿಯಲ್ಲಿರುವವನು. ಮುಂದೆ ಕೂರುವವರು ಯಾರ ಮನೆಯಿಂದ ಬರಬೇಕು?

ಆದ್ದರಿಂದ ಈ ಸಲ ಅಢಾವೆ ಪತ್ರಿಕೆಯ ಪ್ರತಿಯನ್ನು ಮಹಾಸಭೆಗೆ ಮೊದಲೇ ಎಲ್ಲರ ಮನೆಗೆ ಕಳುಹಿಸುತ್ತೇವೆ. ಸಭೆಯ ದಿನ ಒಂದು ಗಂಟೆ ಮುಂಚಿತವಾಗಿ ಬನ್ನಿರಿ, ಅದನ್ನು ಓದುವ ಬಗೆಯನ್ನು ಸಾಲು ಸಾಲಾಗಿ ವಿವರಿಸುತ್ತೇನೆ. ಪಿ.ಯು.ಸಿ.ಯಲ್ಲಿ, ಬಿ.ಕಾಂ.ನಲ್ಲಿ ಓದುವ ಮಗನೋ ಮಗಳೋ ಇದ್ದರೆ ತಪ್ಪದೆ ಜೊತೆಗೆ ಕರೆತನ್ನಿರಿ. ಅವರು ಪ್ರಶ್ನೆ ಕೇಳಲಿ. ಉತ್ತರ ಕೊಡಲು ನಾನು ಕಡತದೊಡನೆ ಕುಳಿತಿರುತ್ತೇನೆ.

— ಕಾರ್ಯದರ್ಶಿ